ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್: ನನ್ನ ಮೂರು ವರ್ಷದ ಅನುಭವ

ಕೊಲಂಬಿಯಾದ ಬೊಗೊಟಾದಲ್ಲಿ ಸಂಜೆ ಏಳಾದರೆ ಮೈಸೂರಿನಲ್ಲಿ ಬೆಳಗಿನ ಐದೂವರೆ. ಮೂರು ವರ್ಷದಿಂದ ನನ್ನ ಮೊದಲ ಆನ್‌ಲೈನ್ ಇಂಗ್ಲಿಷ್ ಕ್ಲಾಸ್ ಆ ಹೊತ್ತಿಗೇ. "ನಿನ್ನ ಮನೆಮಾತೇ ಇಂಗ್ಲಿಷ್ ಅಲ್ಲ, ನಿನ್ನ ಹತ್ರ ಯಾರು ಕಲೀತಾರೆ?" ಅಂದಿದ್ದರು ಜೊತೆಯ ಟ್ಯೂಟರ್‌ಗಳು. ಈಗ ವಾರಕ್ಕೆ ಇಪ್ಪತ್ತೆರಡು ಕ್ಲಾಸ್ ತುಂಬುತ್ತವೆ.

ಮೊದಲ ಆರು ತಿಂಗಳು ಬರೀ ಕೈ ಸುಟ್ಟುಕೊಂಡೆ. ಕಾರ್ಡ್ ತೋರಿಸಿ ಪದ ನೆನಪಿಡಿಸುವ ಆಂಕಿ ಎಂಬ ಆ್ಯಪ್‌ನಲ್ಲಿ ಸುಮಾರು 2000 ಪದಗಳ ಕಾರ್ಡ್ ಮಾಡಿಸಿದೆ. ಚಿತ್ರಕ್ಕೆ, ಧ್ವನಿಗೆ ಅಂತ ಹನ್ನೆರಡು ಸಾವಿರ ಹೋಯಿತು. ಎರಡನೇ ವಾರದ ಹೊತ್ತಿಗೆ ಅದನ್ನು ತೆರೆಯುವವರೇ ಇರಲಿಲ್ಲ. ಗಂಟೆಗೆ 6 ಡಾಲರ್ ಇಟ್ಟಿದ್ದೆ. ವಿದ್ಯಾರ್ಥಿಗಳನ್ನು ಕೊಡಿಸುವ ವೆಬ್‌ಸೈಟಿನವರು ಕಾಲುಭಾಗ ಮುರಿದುಕೊಂಡು, ಬ್ಯಾಂಕಿನ ಶುಲ್ಕವೂ ಹೋಗಿ, ಕೈಗೆ ಸಿಗುತ್ತಿದ್ದದ್ದು ಮುನ್ನೂರೈವತ್ತು ರೂಪಾಯಿ.

ವಿದ್ಯಾರ್ಥಿಗಳ ಬಾಯಲ್ಲಿ ಆಗಲೇ ಇದ್ದ ಪದಗಳನ್ನೇ ನಾನು ಹೊಸದಾಗಿ ಕಲಿಸಲು ಹೊರಟಿದ್ದೆ. ಕಾರ್ಡ್ ಬಿಟ್ಟೆ. ಈಗ ಮೊದಲ ದಿನ ಪದದ ಕೊನೆಗೆ ಬರುವ ಮೂರೇ ಬಾಲ, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ: 'ಸಿಯೋನ್' ಇದ್ದಲ್ಲಿ 'ಷನ್', 'ದಾದ್' ಇದ್ದಲ್ಲಿ 'ಟಿ', 'ಮೆಂತೆ' ಇದ್ದಲ್ಲಿ 'ಲಿ'. ನಾಸಿಯೋನ್ ನೇಷನ್ ಆಗುತ್ತದೆ, ಉನಿವೆರ್ಸಿದಾದ್ ಯೂನಿವರ್ಸಿಟಿ. ಒಂದು ಗಂಟೆಯಲ್ಲಿ ನೂರು ಪದ ತಾವೇ ಹೇಳಿದಾಗ ಐವತ್ತು ದಾಟಿದವರ ಮುಖವೂ ಅರಳುತ್ತದೆ.

ಆಮೇಲೆ ಮೋಸದ ಪದಗಳು, ಇಂಗ್ಲಿಷ್ ಥರ ಕೇಳಿಸಿ ಬೇರೆ ಅರ್ಥ ಕೊಡುವಂಥವು. 'ಎಂಬಾರಾಸಾದಾ' ಅಂದರೆ ಬಸುರಿ, ಇಂಗ್ಲಿಷ್‌ನ 'ಎಂಬರಾಸ್ಡ್' ಹಾಗೆ ನಾಚಿಕೆಯಲ್ಲ. 'ಆಕ್ತುಆಲ್ಮೆಂತೆ' ಅಂದರೆ ಸದ್ಯಕ್ಕೆ. ಅದನ್ನು 'ಆಕ್ಚುಯಲಿ' ಮಾಡಿಕೊಂಡು ಎರಡು ಸಂದರ್ಶನಗಳಲ್ಲಿ ತಡವರಿಸಿದವರು ನನ್ನ ವಿದ್ಯಾರ್ಥಿಯೇ. ಇಂಥವನ್ನು ಯಾವ ಕ್ರಮದಲ್ಲಿ ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎರಡು ವರ್ಷದ ದುಡಿಮೆ.

'ಪೋಸ್ಪೋನೆರ್' ಗೊತ್ತಿದ್ದವರಿಗೆ 'ಪೋಸ್ಟ್‌ಪೋನ್' ಪುಕ್ಕಟೆ ಸಿಗುತ್ತದೆ, 'ಪುಟ್ ಆಫ್' ಅಂದರೆ ಮಾತ್ರ ಕಣ್ಣು ಕಣ್ಣು ಬಿಡುತ್ತಾರೆ. ಅದಕ್ಕೇ 'ಪುಟ್ ಆಫ್'ನಂಥ ಜೋಡಿ ಕ್ರಿಯಾಪದಗಳನ್ನು, ಅಂದರೆ ಫ್ರೇಸಲ್ ವರ್ಬ್‌ಗಳನ್ನು ನಾಲ್ಕನೇ ತಿಂಗಳವರೆಗೆ ಮುಟ್ಟುವುದಿಲ್ಲ.

ವ್ಯಾಕರಣದಲ್ಲಿ ನನ್ನನ್ನು ಕಾಪಾಡಿದ್ದು ಕನ್ನಡ. ನಮ್ಮ 'ಬಂದೆ'ಯೊಳಗೆ 'ನಾನು' ಇದ್ದ ಹಾಗೆ ಅದೇ ಅರ್ಥದ ಅವರ 'ಬೀನೆ'ಯಲ್ಲೂ ಇದೆ. ಮಳೆ ಬರುತ್ತಿದೆ ಅನ್ನುವ 'ಎಸ್ತಾ ಯೊಬಿಯೆಂದೊ'ದಲ್ಲಿ ಕರ್ತೃಪದವೇ ಇಲ್ಲ, ಹಾಗಾಗಿ 'ಈಸ್ ರೈನಿಂಗ್' ಅಂದುಬಿಡುತ್ತಾರೆ. ಬರೀ ತಪ್ಪು ತಿದ್ದಿದರೆ ಇದು ಹೋಗುವುದಿಲ್ಲ. ವಾಕ್ಯದ ಮೊದಲಿಗೆ ಮೇಜು ತಟ್ಟಿ 'ಇಟ್' ಹೇಳಿಸಿದೆ, ಆರು ವಾರಕ್ಕೆ ಕೂತಿತು.

ಒಂದು ಪ್ರಯೋಗ ಅರ್ಧಕ್ಕೇ ನಿಂತಿತು. 'ಶಿಪ್', 'ಶೀಪ್' ಅವರಿಗೆ ಒಂದೇ ಥರ ಕೇಳಿಸುತ್ತವೆ. ಇಬ್ಬರಿಗೆ ನಮ್ಮ ಇ, ಈ ಅಕ್ಷರ ಕಲಿಸಿ ಪದಗಳ ಮೇಲೆ ಬರೆಸಿದೆ. ಸಂತೋಷವಾಗಿಯೇ ಬರೆದರು, ಎಳೆದೂ ಹೇಳಿದರು. ಆದರೆ ಇಂಗ್ಲಿಷ್‌ನಲ್ಲಿ ಎಳೆತದ ಜೊತೆ ಸ್ವರದ ಗುಣವೂ, ಅಂದರೆ ನಾಲಿಗೆ ನಿಲ್ಲುವ ಜಾಗವೂ ಬೇರೆ, ಅದು ಬರಲಿಲ್ಲ. 'ಸ್ಕೂಲ್' ಬದಲು ಅವರು ಅನ್ನುವ 'ಎಸ್ಕೂಲ್' ತಿದ್ದುವುದು ಮಾತ್ರ ಸುಲಭವಾಯಿತು, ನಮ್ಮೂರಿನ 'ಇಸ್ಕೂಲು' ಕೇಳಿ ಬೆಳೆದವನಲ್ಲವೇ ನಾನು! 'ಸ್ಸ್ಸ್' ಅಂತ ಉಸಿರು ಬಿಡಿಸಿ ಆಮೇಲೆ 'ಕೂಲ್' ಅನ್ನಿಸಿದೆ, ಎರಡೇ ವಾರ.

ಈಗ ಗಂಟೆಗೆ 15 ಡಾಲರ್. ಎರಡು ಸಂದರ್ಶನ ಕೈತಪ್ಪಿದವರು ಮೂರನೆಯದರಲ್ಲಿ ಪಾಸಾದರು, ಅವರ ತಂಗಿ ಮುಂದಿನ ಸೋಮವಾರದಿಂದ ಸೇರುತ್ತಿದ್ದಾರೆ.