ಮೊದಲು ಗೂಟ, ಆಮೇಲೆ ಗಾಳ: ಬೆಟ್ಟದ ಹಳ್ಳದಲ್ಲಿ ಮಕ್ಕಳ ಜೊತೆ ನನ್ನ ಅನುಭವ

ವರ್ಜೀನಿಯಾದ ಬ್ಲೂ ರಿಡ್ಜ್ ಬೆಟ್ಟಗಳ ಬುಡದಲ್ಲಿ ನಮ್ಮ ಮನೆ. ಹಳ್ಳಗಳನ್ನು ಸರಿಮಾಡುವ ಒಂದು ಸ್ವಯಂಸೇವಕರ ಗುಂಪಿನ ಜೊತೆ ಆರು ವರ್ಷದಿಂದ ಓಡಾಡುತ್ತಿದ್ದೇನೆ. "ಮಕ್ಕಳಿಗೆ ಮೊದಲು ಚಳಿಗಾಲದಲ್ಲಿ ಹಳ್ಳದ ದಡಕ್ಕೆ ಚಿಗುರುವ ಕೊಂಬೆಯ ಗೂಟ ಹೊಡೆಯೋ ಕೆಲಸ ಕೊಡೋಣ, ಗಾಳ ಆಮೇಲೆ, ಅದೂ ದಾರ ಸುತ್ತುವ ರೀಲ್ ಇಲ್ಲದ ರಾಡ್" ಅಂದಾಗ ಗುಂಪಿನ ಹಿರಿಯರು ನಕ್ಕಿದ್ದರು. ಹೋದ ಮೇ ತಿಂಗಳಲ್ಲಿ ಬಂದ 14 ಮಕ್ಕಳಲ್ಲಿ 11 ಜನ ಒಂದೇ ಬೆಳಿಗ್ಗೆ ಬ್ರೂಕ್ ಟ್ರೌಟ್ ಅನ್ನೋ ತಣ್ಣೀರ ಮೀನು ಹಿಡಿದು, ವಾಪಸ್ ಬಿಟ್ಟರು. ಅದಕ್ಕೇ ಈ ಬರಹ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದ್ದೆವು. 9 ಅಡಿಯ ರಾಡು, ರೀಲು, ಲೈನು ಸೇರಿ ಒಂದು ಸೆಟ್ಟಿಗೆ 140 ಡಾಲರ್ ಹತ್ತಿರ. ಆರು ಸೆಟ್ ತಂದೆವು. ಶಾಲೆಯ ಮೈದಾನದಲ್ಲಿ ಮೂರು ಶನಿವಾರ ಕ್ಯಾಸ್ಟಿಂಗ್, ಅಂದರೆ ಲೈನು ಬೀಸುವ ಪಾಠ. ಲೈನಿನ ತುದಿಗೆ ಗಾಳದ ಬದಲು ಉಲ್ಲನ್ ದಾರ, ರಾಡನ್ನು ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಬೀಸಿ ಅನ್ನೋ ಅದೇ ಮಂತ್ರ. ಹುಲ್ಲಿನ ಮೇಲೆ ಚೆನ್ನಾಗಿಯೇ ಬಂತು. ಹಳ್ಳಕ್ಕೆ ಇಳಿದರೆ ಮೇಲೆ ಮೌಂಟನ್ ಲಾರೆಲ್ ಪೊದೆ ಚಪ್ಪರ ಹಾಕಿದೆ. ಹಿಂದಕ್ಕೆ ಬೀಸಿದ್ದೆಲ್ಲ ಕೊಂಬೆಗೆ. ಮೂರು ಗಂಟೆಯಲ್ಲಿ ಮೂವತ್ತೋ ನಲವತ್ತೋ ಫ್ಲೈ (ಹುಳದ ಹಾಗೆ ಕಾಣಲು ದಾರ, ಗರಿ ಕಟ್ಟಿದ ಗಾಳ) ಮರದ ಪಾಲು. ಎರಡು ರಾಡಿನ ತುದಿ ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯಿತು. ಮೀನು ಮಾತ್ರ ಒಂದೂ ಇಲ್ಲ. 12 ಮಕ್ಕಳಲ್ಲಿ ಕೊನೆಗೆ ಉಳಿದದ್ದು ನಾಲ್ಕು, ಅದರಲ್ಲಿ ಒಬ್ಬ ನನ್ನ ಮಗ. ಅವನಿಗೆ ಬೇರೆ ದಾರಿ ಇರಲಿಲ್ಲ.

ಅದೇ ವರ್ಷ ಶಾಲೆಯಲ್ಲಿ ಮೊಟ್ಟೆಯಿಂದ ಟ್ರೌಟ್ ಬೆಳೆಸುವ ತೊಟ್ಟಿಯನ್ನೂ ಮೈಮೇಲೆ ಎಳೆದುಕೊಂಡೆ. ನೀರು ತಣ್ಣಗಿಡುವ ಚಿಲ್ಲರ್ ಹೊಸದು ತಗೊಂಡರೆ ದುಬಾರಿ ಅಂತ ಸೆಕೆಂಡ್ ಹ್ಯಾಂಡ್ 350 ಡಾಲರ್‌ಗೆ ತಂದೆ. ಜನವರಿಯ ಒಂದು ಉದ್ದ ರಜೆಯಲ್ಲಿ ಅದು ನಿಂತುಹೋಯಿತು. ಮಂಗಳವಾರ ಬಾಗಿಲು ತೆಗೆದಾಗ ಏನು ನೋಡಿದೆವು ಅಂತ ಬರೆಯಲು ಮನಸ್ಸಿಲ್ಲ. ಚಿಲ್ಲರ್ ಹಳೆಯದು ತಗೋಬೇಡಿ, ಅಷ್ಟೆ.

ಇನ್ನು ಗೂಟದ ವಿಷಯ. ನಮ್ಮ ಹಳ್ಳ ಕಾಡಿನಿಂದ ಹೊರಬಂದು ಒಬ್ಬ ರೈತರ ದನದ ಹುಲ್ಲುಗಾವಲಲ್ಲಿ ಅರ್ಧ ಮೈಲಿ ಬಿಸಿಲಲ್ಲಿ ಹರಿಯುತ್ತದೆ. ದಾರಕ್ಕೆ ಕಟ್ಟಿದ ಅಗ್ಗದ ಥರ್ಮಾಮೀಟರ್ ಇಟ್ಟು ನೋಡಿದೆ. ಆಗಸ್ಟ್ ಮಧ್ಯಾಹ್ನ ಕಾಡಿನ ಅಂಚಲ್ಲಿ 64 ಡಿಗ್ರಿ ಫ್ಯಾರನ್‌ಹೀಟ್, ಹುಲ್ಲುಗಾವಲಿನ ಕೊನೆಯಲ್ಲಿ 71. ಸೆಲ್ಸಿಯಸ್ಸಿನಲ್ಲಿ ಹತ್ತಿರ ಹತ್ತಿರ 18 ಮತ್ತು 22 ಅನ್ನಿ. ನೀರು 68 ಫ್ಯಾರನ್‌ಹೀಟ್ ದಾಟಿದರೆ ಬಿಸಿಗೆ ಟ್ರೌಟ್ ಬಸವಳಿಯುತ್ತೆ, ಗಾಳ ಮಡಚಿಡಬೇಕು ಅಂತಾರೆ. ಮೇಲೆ ಕಾಡಲ್ಲೂ ಅಡೆಲ್ಜಿಡ್ ಹುಳು ಹೆಮ್ಲಾಕ್ ಮರಗಳನ್ನು ಒಣಗಿಸಿ, ನೆರಳು ತೆಳ್ಳಗಾಗಿದೆ. ಕೆಳಗಾದರೂ ನೆರಳು ಬೇಕು, ಅಲ್ವಾ?

ದನ ಹಳ್ಳಕ್ಕೆ ಇಳಿಯದ ಹಾಗೆ ಬೇಲಿ ಆದಮೇಲೆ ಮೊದಲ ಸಲ ಏಪ್ರಿಲ್‌ನಲ್ಲಿ 200 ಗೂಟ ನೆಟ್ಟೆವು. ಕಪ್ಪು ವಿಲೋ ಮತ್ತು ಸಿಲ್ಕಿ ಡಾಗ್‌ವುಡ್, ನರ್ಸರಿಯಿಂದ ಒಂದಕ್ಕೆ ಒಂದೂವರೆ ಡಾಲರ್. ಆಗಲೇ ಎಲೆ ಒಡೆದಿತ್ತು. ಮಕ್ಕಳು ಒಂದಷ್ಟನ್ನು ತಲೆಕೆಳಗೂ ನೆಟ್ಟಿದ್ದರು. ಜುಲೈಗೆ ಬದುಕಿದ್ದು ಹದಿನೈದೋ ಹದಿನಾರೋ. 300 ಡಾಲರ್ ನೀರುಪಾಲು. ಎರಡನೇ ವರ್ಷ ಸಸಿ ನೆಟ್ಟು ಪ್ಲಾಸ್ಟಿಕ್ ಕೊಳವೆ ಹಾಕಿದೆವು. ಒಂದೇ ನೆರೆಗೆ ಕೊಳವೆಗಳೆಲ್ಲ ಕೆಳಗಿನ ಸೇತುವೆ ಹತ್ತಿರ ರಾಶಿ ಬಿದ್ದಿದ್ದವು. ಅವನ್ನು ಹೆಕ್ಕಲು ಮತ್ತೊಂದು ಶನಿವಾರ.

ಆವಾಗ ನೆನಪಾದದ್ದು ಊರಿನ ಬೇಲಿ. ನಾನು ಕೊಪ್ಪದ ಕಡೆಯವನು. ಕಾಳುಮೆಣಸಿಗೆ ಹಾಲುವಾಣದ ಗೂಟ ನೆಡೋದು, ಬೇಲಿಗೆ ಗ್ಲಿರಿಸಿಡಿಯಾ ನೆಡೋದು ಕಣ್ಣಾರೆ ಕಂಡು ಬೆಳೆದವನಿಗೆ ಕೊಂಬೆ ಚಿಗುರಿಸಲು ನರ್ಸರಿ ಯಾಕೆ? ಮೂರನೇ ಚಳಿಗಾಲ ಫೆಬ್ರುವರಿಯಲ್ಲಿ, ಮೊಗ್ಗು ಇನ್ನೂ ನಿದ್ದೆಯಲ್ಲಿದ್ದಾಗ, ಪಕ್ಕದ ಹೊಲದ ಚರಂಡಿಯಿಂದ ವಿಲೋ ಕಡಿದೆವು. ಮೂರಡಿ ಉದ್ದ, ಹೆಬ್ಬೆರಳು ದಪ್ಪ. ಬುಡ ಓರೆ, ತಲೆ ಚಪ್ಪಟೆ. ಈಗ ತಲೆಕೆಳಗಾಗುವ ಮಾತೇ ಇಲ್ಲ. ಕೆಲವು ದಿನ ನೆನೆಹಾಕಿದೆ. ಎಷ್ಟು ದಿನ, ನೀರಿಗೆ ಏನು ಹಾಕಿದೆ ಅನ್ನೋದು ನಮ್ಮಪ್ಪನ ಗುಟ್ಟು, ಅದನ್ನು ಬಿಟ್ಟುಕೊಡಲ್ಲ. ಕಬ್ಬಿಣದ ಸರಳಿನಿಂದ ಮೊದಲು ತೂತು, ಆಮೇಲೆ ರಬ್ಬರ್ ಸುತ್ತಿಗೆ, ಮೂರಲ್ಲಿ ಎರಡು ಪಾಲು ನೆಲದೊಳಗೆ. 250ರಲ್ಲಿ 170 ಚಿಗುರಿದವು. ಖರ್ಚು ಹತ್ತಿರ ಹತ್ತಿರ ಸೊನ್ನೆ, ಮಕ್ಕಳ ಪಿಜ್ಜಾ ಬಿಟ್ಟರೆ.

ದಡ ಕುಸಿದ ಜಾಗಕ್ಕೆ ಮಾತ್ರ ತೆಂಗಿನ ನಾರಿನ ಚಾಪೆ ಹೊದಿಸಿದೆವು. ರೋಲಿನ ಚೀಟಿ ಓದಿದರೆ, ಮೇಡ್ ಇನ್ ಇಂಡಿಯಾ. ತೆಂಗಿನಕಾಯಿ ಸುಲಿದು ನಾರು ಹಿತ್ತಲಿಗೆ ಎಸೆಯುತ್ತಿದ್ದ ನಾನು ಅದನ್ನೇ ಡಾಲರ್ ಕೊಟ್ಟು ಕೊಂಡು ವರ್ಜೀನಿಯಾದ ಕೆಸರಿಗೆ ಹಾಸಿದೆ.

ಆ ಫೆಬ್ರುವರಿಯಲ್ಲೇ ಒಂದು ವಿಷಯ ಗಮನಿಸಿದೆ. ಸುತ್ತಿಗೆ ಹಿಡಿದ ಮಕ್ಕಳು ಮನೆಗೆ ಹೋಗಲು ಒಪ್ಪುತ್ತಿಲ್ಲ. ತಮ್ಮ ಗೂಟಕ್ಕೆ ಹೆಸರಿಟ್ಟಿದ್ದಾರೆ. ಹನ್ನೊಂದು ವರ್ಷದ ಒಬ್ಬ ಹುಡುಗಿ ದಡದಲ್ಲಿ ಮಂಡಿಯೂರಿ ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಮರಳು ಕಾಳು ಅಂಟಿಸಿಕೊಂಡ ಕಡ್ಡಿಯಂಥದ್ದು. ಕಸ ಅಂತ ಎಸೆಯಬೇಕು ಅನ್ನುವಷ್ಟರಲ್ಲಿ ಒಂದು ತುದಿಯಿಂದ ಆರು ಕಾಲು ಹೊರಬಂದವು. ಕ್ಯಾಡಿಸ್ ಅನ್ನೋ ಹಾರುಹುಳದ ಮರಿ, ತಾನೇ ಕಟ್ಟಿಕೊಂಡ ಮನೆಯೊಳಗೆ. ಅವಳು ಉಸಿರು ಬಿಗಿಹಿಡಿದು ಐದು ನಿಮಿಷ ನೋಡಿದಳು. ಫೋನು ಜೇಬಲ್ಲೇ ಇತ್ತು. ಮೂರು ಶನಿವಾರದ ಕ್ಯಾಸ್ಟಿಂಗ್ ಪಾಠದಲ್ಲಿ ಇಂಥ ಐದು ನಿಮಿಷ ನನಗೆ ಸಿಕ್ಕಿರಲಿಲ್ಲ.

ಅಲ್ಲಿಂದ ಕ್ರಮ ತಿರುಗಿಸಿದೆ. ಚಳಿಗಾಲ ಗೂಟ. ಮಾರ್ಚ್‌ನಲ್ಲಿ ಬಲೆ ಹಿಡಿದು ಹುಳ ಎಣಿಸೋದು. ಜಲ್ಲಿಯಲ್ಲಿ ಟ್ರೌಟ್ ಗೂಡು ಇರೋ ಜಾಗಕ್ಕೆ ಕಾಲಿಡುವಂತಿಲ್ಲ. ಏಪ್ರಿಲ್‌ನಲ್ಲಿ ಕಂಡ ಹುಳಕ್ಕೆ ಹೋಲುವ ಫ್ಲೈ ಕಟ್ಟೋದು. ಮೇ ತಿಂಗಳಲ್ಲಿ ರಾಡ್. ಹದಿನಾರರ ಒಳಗಿನವರಿಗೆ ಇಲ್ಲಿ ಲೈಸೆನ್ಸ್ ತಾಪತ್ರಯವೂ ಇಲ್ಲ.

ರಾಡ್ ಅಂದರೆ ಟೆಂಕಾರಾ. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ಹುಟ್ಟಿದ್ದು, ಅಮೆರಿಕದ ಅಂಗಡಿಗೆ ಬಂದದ್ದು 2009ರ ಹೊತ್ತಿಗೆ. ರೀಲ್ ಇಲ್ಲ, ತುದಿಗೇ ಲೈನ್. "ಇದು ಫ್ಲೈ ಫಿಷಿಂಗೇ ಅಲ್ಲ, ನಮ್ಮೂರ ಕೆರೆಯ ಬಿದಿರು ಕೋಲು" ಅಂದರು ಒಬ್ಬ ಹಿರಿಯರು. ಬಿದಿರು ಕೋಲೇ ಸಾರ್, ಅದೇ ಅದರ ಚಂದ! ಒಂದರೊಳಗೊಂದು ಜಾರಿಸಿ ಗಿಡ್ಡ ಮಾಡುವ 9 ಅಡಿಯದು ಒಂದಕ್ಕೆ 55 ಡಾಲರ್, ಎಂಟು ತಂದೆ. ಲೈನನ್ನು ರಾಡಿಗಿಂತ ಒಂದಡಿ ಗಿಡ್ಡ ಮಾಡಿದೆ. ಹಿಂದಕ್ಕೆ ಬೀಸೋದೇ ಬೇಡ, ಮುಂಗೈ ಸ್ವಲ್ಪ ಅಲುಗಿಸಿದರೆ ಸಾಕು. ಕಲಿಸಲು ಹತ್ತು ನಿಮಿಷ. ಇದರ ತುದಿಯೂ ಮುರಿಯುತ್ತೆ, ಈವರೆಗೆ ಮೂರು. ಬಿಡಿ ತುದಿ ಇಟ್ಟುಕೊಳ್ಳಿ.

ಫ್ಲೈ ಕಟ್ಟುವಾಗ ಎರಡು ಕಿತಾಪತಿ ಮಾಡಿದೆ. ಊರಿಂದ ತಂದ ಅಡಿಕೆ ಸಿಪ್ಪೆಯ ನಾರಿನಲ್ಲಿ ಕಟ್ಟಿದ್ದು ದಂಡ. ಒದ್ದೆ ಆದರೆ ಮುದ್ದೆ. ಹೆಂಡತಿಯ ಹಳೆ ರೇಷ್ಮೆ ಸೀರೆಯ ಅಂಚಿಂದ ಎಳೆದ ಜರಿಯನ್ನು ಹೊಟ್ಟೆಗೆ ಸುತ್ತಿದ ನಿಂಫ್ (ನೀರೊಳಗಿನ ಮರಿಹುಳದಂಥ ಫ್ಲೈ) ಮಾತ್ರ ಅದ್ಭುತ. ಸೀರೆ ಯಾವುದು ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಮೇ ತಿಂಗಳ ಆ ಬೆಳಿಗ್ಗೆ ಮೊದಲ ಮೀನು ಅದೇ ಕ್ಯಾಡಿಸ್ ಹುಡುಗಿಗೆ. ಐದಿಂಚು ಇರಬಹುದು. ಹೊಟ್ಟೆ ಕಿತ್ತಳೆ, ರೆಕ್ಕೆಯಂಚಿಗೆ ಸುಣ್ಣ ಎಳೆದ ಹಾಗೆ ಬಿಳಿ ಗೆರೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ್ದರಿಂದ ಎತ್ತುವ ಮೊದಲೇ ಕಳಚಿತು. ಕೈ ಒದ್ದೆ ಮಾಡಿಕೊಂಡು, ನೀರಲ್ಲೇ ಒಂದು ಕ್ಷಣ ಹಿಡಿದಳು. ಹೋಯಿತು.

ಅಮ್ಮನಿಗೆ ಫೋಟೋ ಕಳಿಸಿದೆ. "ಶೃಂಗೇರಿಲಿ ದೇವರ ಮೀನಿಗೆ ಮಂಡಕ್ಕಿ ಹಾಕಿ ಬೆಳೆದೋನು ನೀನು, ಈಗ ಕಂಡೋರ ಮಕ್ಕಳಿಗೆ ಗಾಳ ಹಾಕೋದು ಕಲಿಸ್ತೀಯಾ?" ಅಂದರು. ಬಿಟ್ಟುಬಿಡ್ತೀವಮ್ಮ ಅಂದೆ. "ಬಿಡೋದಾದ್ರೆ ಹಿಡಿಯೋದ್ಯಾಕೋ?" ಇದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ಉತ್ತರ ಇಲ್ಲ. ಗಾಳದ ಆಸೆ ಇಲ್ಲದಿದ್ದರೆ ಫೆಬ್ರುವರಿಯ ಚಳಿಯಲ್ಲಿ ಯಾರೂ ಗೂಟ ಹೊಡೆಯಲು ಬರಲ್ಲ ಅಂತ ಹೇಳಿ ನೋಡಿದೆ. ಒಪ್ಪಲಿಲ್ಲ.

ನೀರು ತಣ್ಣಗಾಗಿದೆಯಾ? ಹುಲ್ಲುಗಾವಲಿನ ಕೊನೆಯಲ್ಲಿ ಹೋದ ಆಗಸ್ಟ್ 70 ತೋರಿಸಿತು. ಒಂದು ಡಿಗ್ರಿ; ಮಳೆ ಜಾಸ್ತಿ ಇತ್ತು, ವಿಲೋ ಇನ್ನೂ ನನ್ನ ಎದೆಮಟ್ಟ, ಹಾಗಾಗಿ ಅದು ನಮ್ಮ ಗೂಟದ ಲೆಕ್ಕಕ್ಕೆ ಸೇರಲ್ಲ. ಈ ನಡುವೆ ಹಲ್ಲಿನಲ್ಲೇ ಮರ ಕಡಿಯುವ ಬೀವರ್ ಅನ್ನೋ ಪ್ರಾಣಿ ಒಂದು ಬಂದು ಸೇರಿಕೊಂಡಿದೆ. ಒಂದೇ ವಾರದಲ್ಲಿ ಮೂವತ್ತು ವಿಲೋ ಕಡಿದು ಹೊತ್ತೊಯ್ದಿದೆ. ಮಕ್ಕಳು ಅದಕ್ಕೂ ಒಂದು ಹೆಸರಿಟ್ಟಿದ್ದಾರೆ. ಬುಡಗಳು ಮತ್ತೆ ಚಿಗುರುತ್ತವಾ ಅಂತ ಮಾರ್ಚ್‌ನಲ್ಲಿ ನೋಡಬೇಕು. ಅಷ್ಟರಲ್ಲಿ ಇನ್ನೊಂದು 100 ಗೂಟ ನೆನೆಹಾಕಿದ್ದೇನೆ.