ಗೋಡೆಯೊಳಗಿನ ಪೈಪ್, ಅದನ್ನು ಮುಚ್ಚುವ ಗಾರೆ: ಎರಡನ್ನೂ ಒಟ್ಟಿಗೇ ಆರಿಸಿ

ಟೈಲ್ಸಿನ ಬಣ್ಣಕ್ಕಾಗಿ ನಾಲ್ಕಾರು ಅಂಗಡಿ ಸುತ್ತುವವರೂ ಗೋಡೆಯೊಳಗೆ ಹೂತುಹೋಗುವ ಪೈಪಿನ ವಿಚಾರ ಬಂದಾಗ ‘ಯಾವುದಾದರೂ ಒಳ್ಳೆಯದು ಹಾಕಿ’ ಎಂದು ಹೇಳಿ ಸುಮ್ಮನಾಗುತ್ತಾರೆ. ಬೇಸರ ಬಂದ ಟೈಲ್ಸನ್ನು ಬದಲಿಸಬಹುದು. ಒಳಗಿನ ಪೈಪ್ ಬದಲಿಸಲು ಗೋಡೆಯನ್ನೇ ಒಡೆಯಬೇಕು. ಪೈಪನ್ನು ಪ್ಲಂಬರ್, ಗಾರೆಯನ್ನು ಮೇಸ್ತ್ರಿ ತಂತಮ್ಮ ಪಾಡಿಗೆ ಆರಿಸಿದರೆ ಸಾಲದು. ಒಂದಕ್ಕೊಂದು ಹೊಂದುತ್ತದೆಯೇ ಎಂದು ಮನೆಯವರು ಕೇಳಲೇಬೇಕು.

ಮೊದಲ ಹೆಜ್ಜೆ: ಒಳಗೆ ಹರಿಯುವುದೇನು?

ತಣ್ಣೀರಿಗೆ ಯುಪಿವಿಸಿ (ಗಟ್ಟಿ ಪಿವಿಸಿ ಪ್ಲಾಸ್ಟಿಕ್) ಸಾಕು. ಆದರೆ 60 ಡಿಗ್ರಿ ಸೆಲ್ಸಿಯಸ್ ಅದರ ಮಿತಿ, ಹಾಗಾಗಿ ಬಿಸಿನೀರಿಗೆ ಬೇಡ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಾಳುವ ಬಗೆಯ ಪಿವಿಸಿ), ಪಿಪಿಆರ್ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಥವಾ ತಾಮ್ರ ಬಳಸಿ. ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತದೆ ಎಂಬುದು ನಿಜ, ಆದರೆ ಬಿಸಿ ಏರಿದಂತೆ ಅದರ ಶಕ್ತಿ ಇಳಿಯುತ್ತದೆ. 82 ಡಿಗ್ರಿಯಲ್ಲಿ ಅದು ತಾಳುವ ಒತ್ತಡ, ತಣ್ಣಗಿದ್ದಾಗ ತಾಳುವುದರ ಕಾಲು ಭಾಗ ಮಾತ್ರ. ಪೈಪಿನ ಮೇಲೆ ಅಚ್ಚಾದ ಒತ್ತಡದ ಅಂಕಿ ಯಾವ ಉಷ್ಣತೆಗೆ ಕೊಟ್ಟದ್ದು ಎಂದು ಓದಿ ನೋಡಿ.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಗಟ್ಟಿ ಎಂಬ ನಂಬಿಕೆ ಹಳೆಯದು. ಹೊರಗಿನ ಪೆಟ್ಟಿಗೆ ಅದು ಗಟ್ಟಿಯೇ. ಆದರೆ ಒಳಗಿನ ಸತುವಿನ ಲೇಪ ಸವೆದ ಮೇಲೆ ತುಕ್ಕು ಕಟ್ಟಿ ಪೈಪಿನ ಬಾಯಿ ಕಿರಿದಾಗುತ್ತದೆ. ತಾಮ್ರವನ್ನೂ ಜಿಐಯನ್ನೂ ನೇರವಾಗಿ ಜೋಡಿಸಬೇಡಿ. ನೀರು ತಾಗಿದ ಕೂಡಲೇ ಆ ಜಾಗ ಪುಟ್ಟ ಬ್ಯಾಟರಿಯಂತಾಗಿ ಜಿಐ ಬೇಗ ಸವೆಯುತ್ತದೆ. ನಡುವೆ ವಿದ್ಯುತ್ ಹರಿಯಗೊಡದ ಯೂನಿಯನ್ (ಎರಡು ಪೈಪ್ ಕೂಡಿಸುವ ಜೋಡಣೆ) ಹಾಕಿಸಿ.

ಎರಡನೆಯದು: ಗ್ಯಾಸ್ ಲೈನ್

ಇಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಮನೆಯೊಳಗೆ ಗ್ಯಾಸಿಗೆ ಉಕ್ಕು, ತಾಮ್ರ, ಅಥವಾ ಗ್ಯಾಸಿಗೆಂದೇ ಪ್ರಮಾಣೀಕರಿಸಿದ ಪೈಪ್ ಮಾತ್ರ. ಪಾಲಿಥಿನ್ ಗ್ಯಾಸ್ ಪೈಪಿನ ಜಾಗ ಮನೆಯ ಹೊರಗೆ, ಮಣ್ಣಿನಡಿ. ನೀರಿನ ಪಿವಿಸಿ, ಸಿಪಿವಿಸಿಗಳನ್ನು ಉಳಿದಿದೆ ಎಂದು ಗ್ಯಾಸಿಗೆ ಹಾಕಲೇಬೇಡಿ. ಒಲೆಗೆ ಜೋಡಿಸುವ ಕೊಳವೆಯೂ ಎಲ್‌ಪಿಜಿಗೆಂದೇ ಮಾಡಿದ್ದಾಗಿರಲಿ. ಸಾಮಾನ್ಯ ರಬ್ಬರನ್ನು ಎಲ್‌ಪಿಜಿ ಹಾಳುಮಾಡುತ್ತದೆ.

ಗ್ಯಾಸ್ ಪೈಪ್ ಆದಷ್ಟು ಕಣ್ಣಿಗೆ ಕಾಣುವಂತಿರಲಿ. ಗೋಡೆ ದಾಟುವಲ್ಲಿ ಅಗಲವಾದ ತೋಳುಪೈಪ್ ಕೂರಿಸಿ, ಅದರೊಳಗೆ ಗ್ಯಾಸ್ ಪೈಪ್ ಹಾಯಿಸಬೇಕು, ತೋಳಿನೊಳಗೆ ಜಾಯಿಂಟ್ ಇರಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿಯತ್ತ ಏರುತ್ತದೆ. ಗಾಳಿಕಿಂಡಿ ಎಲ್ಲಿರಬೇಕು ಎಂಬುದನ್ನು ಇದೇ ನಿರ್ಧರಿಸುತ್ತದೆ. ಈ ಕೆಲಸ ಪರವಾನಗಿ ಇರುವ ತಂತ್ರಜ್ಞರದ್ದು, ನೀವಾಗಿ ಕೈಹಾಕಬೇಡಿ.

ಮೂರನೆಯದು: ಗಾರೆ

ಹೆಚ್ಚು ಉದಾಸೀನಕ್ಕೆ ಒಳಗಾಗುವುದು ಇದೇ ಎಂದು ನನಗೆ ಅನ್ನಿಸುತ್ತದೆ. ಸಿಮೆಂಟ್ ಗಾರೆ ಕ್ಷಾರೀಯ, ಹಸಿಯಾಗಿದ್ದಾಗ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; ಶುದ್ಧ ನೀರಿಗೆ 7) 12ಕ್ಕೂ ಮೇಲೆ. ಆ ಕ್ಷಾರ ಉಕ್ಕಿನ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತದೆ. ಉಪ್ಪು ಸೇರಿದರೆ ಈ ಪದರ ಒಡೆಯುತ್ತದೆ. ಆದ್ದರಿಂದ ತೊಳೆಯದ ಕಡಲ ಮರಳು, ಉಪ್ಪುನೀರು, ಬೇಗ ಗಟ್ಟಿಯಾಗಲೆಂದು ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ಯಾವುದೂ ಲೋಹದ ಪೈಪಿನ ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಕ್ಲಿಪ್ಪುಗಳನ್ನು ಹಸಿ ಸಿಮೆಂಟ್ ತಿಂದುಹಾಕುತ್ತದೆ. ಜಿಪ್ಸಮ್ ಪ್ಲಾಸ್ಟರಿನಲ್ಲಿ ಆ ಕ್ಷಾರದ ರಕ್ಷಣೆ ಇಲ್ಲ. ತೇವ ಹಿಡಿದರೆ ಅದರೊಳಗಿನ ಉಕ್ಕು ತುಕ್ಕು ಹಿಡಿಯುತ್ತದೆ, ಹಾಗಾಗಿ ಬಚ್ಚಲು, ಅಡುಗೆಮನೆಯ ಪೈಪ್ ಮುಚ್ಚಲು ಅದು ಬೇಡ.

ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಹದವಾದ ಮಿಶ್ರಣ. ‘ಗಟ್ಟಿಯಾಗಲಿ’ ಎಂದು ಸಿಮೆಂಟ್ ಹೆಚ್ಚು ಸುರಿದರೆ ಒಣಗುವಾಗ ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಮುಚ್ಚಿದ ಮೇಲೆ ಏಳು ದಿನವಾದರೂ ನೀರುಣಿಸಿ. ಕೊರೆದ ಜಾಗದ ಮೇಲೆ ತಂತಿಬಲೆ ಹಾಸಿ ಗಿಲಾವು ಮಾಡಿದರೆ ಬಿರುಕು ಮೇಲಕ್ಕೆ ಬರುವುದು ತಪ್ಪುತ್ತದೆ.

ಪ್ಲಾಸ್ಟಿಕ್ ಪೈಪಿನ ಸಮಸ್ಯೆ ಬೇರೆ, ಅದು ಹಿಗ್ಗುತ್ತದೆ. ಐದು ಮೀಟರ್ ಪೈಪ್ ಮೊದಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ತಾಮ್ರ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ಸಿಪಿವಿಸಿ 13, ಸಾದಾ ಪಿಪಿಆರ್ 30. ಸುತ್ತಲಿನ ಗಾರೆ ಜರುಗುವುದಿಲ್ಲ, ಎಳೆತವೆಲ್ಲ ತಿರುವುಗಳ ಮೇಲೆ ಬೀಳುತ್ತದೆ. ಎಲ್ಬೋ (ತಿರುವಿನ ತುಂಡು), ಟೀ (ಕವಲಿನ ತುಂಡು) ಇವುಗಳ ಸುತ್ತ ಮೆತ್ತನೆಯ ಫೋಮ್ ಸುತ್ತಿಯೇ ಗಾರೆ ಮೆತ್ತಿಸಿ.

ಗೋಡೆಯನ್ನು ಎಷ್ಟು ಆಳ ಕೊರೆಯಬಹುದು? ಮೇಲಿಂದ ಕೆಳಕ್ಕೆ ಹೋಗುವ ಕೊರೆತ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಹೋಗುವ ಕೊರೆತ ಆರನೇ ಒಂದು ಭಾಗ ಮೀರದಿರಲಿ.

ನಾಲ್ಕನೆಯದು: ಜಾಯಿಂಟ್, ಪರೀಕ್ಷೆ

ಪಿವಿಸಿಯ ಅಂಟು ಸಿಪಿವಿಸಿಗೆ ಆಗದು. ಕತ್ತರಿಸಿದ ಅಂಚಿನ ಚೂರು ಕೆರೆದು, ಅಂಟು ಸವರಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ 30 ಸೆಕೆಂಡ್ ಹಿಡಿದಿರಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗದೆ ನೀರು ಬಿಡಬೇಡಿ.

ಪರೀಕ್ಷೆಯಾಗದೆ ಗಾರೆ ಕಲಸಲು ಬಿಡಬೇಡಿ. ನೀರಿನ ಲೈನಿಗೆ ದಿನನಿತ್ಯದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಮಾಪಕದ ಮುಳ್ಳು ಇಳಿಯುತ್ತದೆಯೇ ನೋಡಿ. ಪಿವಿಸಿ, ಸಿಪಿವಿಸಿಗಳಿಗೆ ಗಾಳಿ ತುಂಬಿ ಪರೀಕ್ಷಿಸುವುದು ಅಪಾಯ, ಒಡೆದರೆ ಚೂರುಗಳು ಸಿಡಿಯುತ್ತವೆ. ಗ್ಯಾಸ್ ಲೈನನ್ನು ತಂತ್ರಜ್ಞರು ಗಾಳಿಯ ಒತ್ತಡದಲ್ಲಿ ಪರೀಕ್ಷಿಸುವಾಗ ಜೊತೆಗಿದ್ದು, ಪ್ರತಿ ಜಾಯಿಂಟಿಗೂ ಸೋಪುನೀರು ಹಚ್ಚಿಸಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಜೀವಕ್ಕೇ ಮುಳುವು.

ಗಾರೆ ಮುಚ್ಚುವ ಮುನ್ನ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೊಂದು ದಿನ ಕಪಾಟು ಕೂರಿಸಲು ಡ್ರಿಲ್ ಹಿಡಿದು ಬರುವವರಿಗೆ ಅದನ್ನು ತೋರಿಸಿ.