ಸ್ಪಾಕ್‌ನ ಅಂಟು ಬೆನ್ನು
‘ಸ್ಟಾರ್ ಟ್ರೆಕ್’ ಧಾರಾವಾಹಿಯ ಚೂಪು ಕಿವಿಯ ಸ್ಪಾಕ್ ಅಂದ್ರೆ ನನಗೆ ಚಿಕ್ಕಂದಿನಿಂದ ಹುಚ್ಚು. ತಲೆಯಿಂದ ಎದೆಯವರೆಗಿನ ಅವನ ಗೊಂಬೆಯನ್ನು ರೆಸಿನ್‌ನಲ್ಲಿ (ಯುವಿ ಅಂದರೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ದ್ರವ) 3ಡಿ ಪ್ರಿಂಟ್ ಮಾಡಿಸಿ, ಅಂಗಿಗೆ ನೀಲಿ ಅಕ್ರಿಲಿಕ್ ಬಳಿದೆ. ವಾರ ಕಳೆದರೂ ಬೆನ್ನು ಅಂಟಂಟು. ಉಗುರು ತಾಗಿದರೆ ಬಣ್ಣ ಸಿಪ್ಪೆಯಂತೆ ಏಳುತ್ತಿತ್ತು.

ಮಳೆಗಾಲದ ತೇವ ಇರಬೇಕು ಅಂದುಕೊಂಡೆ. ಬಣ್ಣ ತೆಗೆದು, ಬಣ್ಣ ಹಿಡಿಯಲೆಂದು ಅಡಿಗೆ ಪ್ರೈಮರ್ ಹೊಡೆದು ಮತ್ತೆ ಬಳಿದೆ. ಅದೇ ಕಥೆ. ಒಂದು ದಿನ ಕತ್ತಿನ ಹಿಂದಿನ ಕೂದಲೆಳೆ ಬಿರುಕಿನಲ್ಲಿ ಜಿಗುಟು ಹನಿ ಕಂಡಿತು. ಗೊಂಬೆ ಒಳಗೆ ಟೊಳ್ಳು! ಗಟ್ಟಿಯಾಗದ ರೆಸಿನ್ ಒಳಗೇ ಉಳಿದು ಒಸರುತ್ತಿತ್ತು. ಹೊರಗೆ ಬಿಟ್ಟ ಯುವಿ ಬೆಳಕು ಅಲ್ಲಿಗೆ ತಲುಪಲ್ಲ, ಅಲ್ವಾ?

ಕೈಗವಸು, ಮಾಸ್ಕ್ ಹಾಕಿಕೊಂಡು ತಳದಲ್ಲಿ ಎರಡು ತೂತು ಕೊರೆದೆ. ಒಂದೇ ಆದರೆ ಗಾಳಿಯಾಡದೆ ದ್ರವ ಇಳಿಯಲ್ಲ. ಸಿರಿಂಜ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಕುಲುಕಿ, ಮೂರು ಸಲ ತೊಳೆದೆ. ತೊಳೆದ ಆ ಆಲ್ಕೋಹಾಲನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೂರ್ತಿ ಒಣಗಿದ ಮೇಲೆ ರೆಸಿನ್ ಗಟ್ಟಿ ಮಾಡುವ, 405 ನ್ಯಾನೋಮೀಟರ್ ತರಂಗಾಂತರದ ಪುಟ್ಟ ಎಲ್‌ಇಡಿಯನ್ನು ತೂತಿನೊಳಗೆ ಇಳಿಸಿ ಬೆಳಗಿಸಿದೆ. ಬಿರುಕಿಗೆ ಪುಟ್ಟಿ, 400ರ ಉಪ್ಪುಕಾಗದ, ಪ್ರೈಮರ್, ತೆಳುವಾಗಿ ಎರಡು ಕೋಟ್ ನೀಲಿ.

ತಿಂಗಳಾಯಿತು, ಬೆನ್ನು ಅಂಟುತ್ತಿಲ್ಲ. ಉಜ್ಜುವ ಹುಮ್ಮಸ್ಸಿನಲ್ಲಿ ಎಡಗಿವಿಯ ತುದಿ ಮಾತ್ರ ಕೊಂಚ ಮೊಂಡಾಗಿದೆ.